ಕೆರೆಯ ಗಿಡಗಳಿಗೂ ಪಟ್ಟಿ ಬೇಕು

ಮಾನ್ಯರೇ,

ಕೆರೆ, ಜೌಗು ನೆಲ ಉಳಿಸುವ ಮಾತು ಈಗ ಜೋರಾಗಿದೆ. ಆದರೆ ಅಲ್ಲಿ ಬೆಳೆಯುವ ಗಿಡಗಳ ಅಧಿಕೃತ ಪಟ್ಟಿಯೂ ಜನರ ಕೈಗೆ ಸಿಗಬೇಕು.

ಅಮೆರಿಕದಲ್ಲಿ 1988ರಲ್ಲೇ ಇಂಥ ಪಟ್ಟಿ ಬಂತು. 2006ರಿಂದ ಅದರ ಹೊಣೆ ಸೇನೆಯ ಎಂಜಿನಿಯರ್‌ಗಳ ವಿಭಾಗದ್ದು. ಸೇನೆಗೆ ಯಾಕೆ ಗಿಡದ ಉಸಾಬರಿ ಅನ್ನಬೇಡಿ, ಜೌಗು ನೆಲಕ್ಕೆ ಮಣ್ಣು ತುಂಬಲು ಅನುಮತಿ ಕೊಡುವವರೇ ಅವರು. ಗಿಡಗಳಿಗೆ ಐದು ದರ್ಜೆಗಳಿವೆ. ನೀರು ನಿಂತಲ್ಲೇ ಬೆಳೆಯುವುದು ಒಂದು ತುದಿ, ಒಣ ನೆಲದ್ದು ಇನ್ನೊಂದು ತುದಿ. ಒಂದೇ ಗಿಡಕ್ಕೆ ಒಂದೊಂದು ಪ್ರದೇಶದಲ್ಲಿ ಒಂದೊಂದು ದರ್ಜೆ ಇರಬಹುದು. ದರ್ಜೆ ಬದಲಿಸುವ ಮೊದಲು ಗೆಜೆಟ್‌ನಲ್ಲಿ ಪ್ರಕಟಿಸಿ ಜನರ ಅಭಿಪ್ರಾಯ ಕೇಳುತ್ತಾರೆ.

ನಮ್ಮೂರ ಕೆರೆ ಸ್ವಚ್ಛ ಮಾಡಿದಾಗ ಜೆಸಿಬಿ ಬಂತು. ಹೊರದೇಶದಿಂದ ಬಂದ ವಾಟರ್ ಹಯಸಿಂತ್ ಜೊತೆಗೆ ದಂಡೆಯ ಜೊಂಡನ್ನೂ ಬಾಚಿ ಲಾರಿಗೆ ತುಂಬಿದರು. ಜೊಂಡಿನಲ್ಲಿ ನೀರುಕೋಳಿ ಗೂಡಿತ್ತು. ಚಾಲಕನ ತಪ್ಪಲ್ಲ ಬಿಡಿ, ಯಾವುದು ಕಳೆ, ಯಾವುದು ಕೆರೆಯದ್ದೇ ಗಿಡ ಎಂದು ಅವರಿಗೆ ಹೇಳಿದವರು ಯಾರು?

ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲಗಳೆಂದು ಗುರುತಿಸಲಾದ ರಾಜ್ಯದ ನಾಲ್ಕು ರಾಮ್ಸಾರ್ ತಾಣಗಳಾದ ರಂಗನತಿಟ್ಟು, ಅಂಕಸಮುದ್ರ, ಅಘನಾಶಿನಿ, ಮಾಗಡಿ ಕೆರೆಯಿಂದಲೇ ಶುರು ಮಾಡಬಹುದು. ಸಸ್ಯತಜ್ಞರು ಕರಡು ಪಟ್ಟಿಯನ್ನು ಕನ್ನಡದಲ್ಲಿ, ಗಿಡಗಳನ್ನು ಊರವರು ಕರೆಯುವ ಹೆಸರುಗಳ ಸಮೇತ ಪ್ರಕಟಿಸಲಿ. ಮೀನು ಹಿಡಿಯುವವರು, ಎಮ್ಮೆ ಮೇಯಿಸುವವರು, ಒಂದೆಲಗ ಕೀಳುವ ಹೆಂಗಸರು ಅದನ್ನು ತಿದ್ದಲು ಸಮಯ ಕೊಡಲಿ. ಕೆಲವು ವರ್ಷಕ್ಕೊಮ್ಮೆ ಪಟ್ಟಿಯನ್ನು ಮತ್ತೆ ತೆರೆಯಲಿ.

– ಒಬ್ಬ ಓದುಗ