ಸ್ಕೆಲೆಟರ್ ಗೊಂಬೆ ತರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಶಿರಸಿಯಲ್ಲಿ ಸೇರುವಾಗ ಹೀ-ಮ್ಯಾನ್ ಧಾರಾವಾಹಿಯ ಖಳ ಸ್ಕೆಲೆಟರ್‌ನ ಹಳೇ ಗೊಂಬೆ ತರುವವರು ದಯವಿಟ್ಟು ಅದಕ್ಕೆ ಬಣ್ಣ ಹಚ್ಚಿಕೊಂಡು ಬರಬೇಡಿ. ಕಾರವಾರದ ಸದಸ್ಯರೊಬ್ಬರ ಗೊಂಬೆ ಮೊನ್ನೆ ನೋಡಿದೆ. ಹಳದಿ ಮುಖದ ಅಂಚಿನ ಹಸಿರು ಇನ್ನೂ ಹಾಗೇ ಇದೆ, ಆದರೆ ಯಾರೋ ಚೆಂದ ಮಾಡಲು ಹೋಗಿ ಗದ್ದಕ್ಕೆ ನೇಲ್ ಪಾಲಿಶ್ ಬಳಿದಿದ್ದಾರೆ. ನೋಡಿ ಹೊಟ್ಟೆ ಉರಿಯಿತು.

ಬೆನ್ನ ಮೇಲೆ 1981 ಎಂದಿದ್ದರೆ ಅದು ಹಕ್ಕುಸ್ವಾಮ್ಯದ ವರ್ಷ, ತಯಾರಾದ ವರ್ಷವಲ್ಲ. ಮ್ಯಾಟೆಲ್ ಈ ಸಾಲಿನ ಗೊಂಬೆಗಳನ್ನು ಮಾರುಕಟ್ಟೆಗೆ ಬಿಟ್ಟಿದ್ದು 1982ರಲ್ಲಿ. ಮೊಣಕಾಲು, ಮೊಣಕೈ ಮಡಚಿದರೆ ಅದು ಈಚಿನದು. ಹಳೆಯದರಲ್ಲಿ ಅವು ಮಡಚುವುದಿಲ್ಲ. ಸೊಂಟ ಮೆಲ್ಲಗೆ ತಿರುಗಿಸಿ ಬಿಡಿ, ಒಳಗಿನ ಸ್ಪ್ರಿಂಗ್ ಸರಿಯಿದ್ದರೆ ಫಟ್ಟನೆ ಹಿಂದಿರುಗುತ್ತದೆ. ಕಾಲು ಜೋತಾಡಿದರೆ ಗಾಬರಿ ಬೇಡ, ಒಳಗಿನ ರಬ್ಬರ್ ಸತ್ತಿರುತ್ತದೆ, ಅಷ್ಟೇ. ಅದನ್ನು ಬದಲಿಸಬಹುದು, ಆದರೆ ಬದಲಿಸಿದ್ದನ್ನು ಕೊಳ್ಳುವವರಿಗೆ ಹೇಳಲೇಬೇಕು.

ಟಗರಿನ ಬುರುಡೆಯ ಕೋಲು, ನೇರಳೆ ಕತ್ತಿ, ಎದೆಕವಚ ಮೂರನ್ನೂ ತನ್ನಿ. ಕೋಲಿಲ್ಲದ ಗೊಂಬೆಗೆ ಬೆಲೆ ಬಹಳ ಇಳಿಯುತ್ತದೆ.

ನಮ್ಮ ಕಡೆ ಮಳೆಗಾಲದ ತಂಡಿಗೆ ಬೂಷ್ಟು ಹಿಡಿದಿರುತ್ತದೆ. ಒಣ ಹತ್ತಿಬಟ್ಟೆಯಲ್ಲಿ ಒರೆಸಿದರೆ ಸಾಕು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಬೇಡಿ, ಕಾಗದದಲ್ಲಿ ಸುತ್ತಿ ತನ್ನಿ.