1355ನೇ ಇಸವಿಯ ನೌಕರಿ

ನನ್ನ ಯವ್ವಾ,

ಫೋನ್ ಎತ್ತುತ್ತಿಲ್ಲ ನೀನು. ವಾಟ್ಸಾಪಿನಲ್ಲಿ ನೀಲಿ ಗೀಟು ಬೀಳುತ್ತದೆ, ಉತ್ತರ ಬರುವುದಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಭಾನುವಾರ ಯಾರು ಏನಂದರು ಅಂತ ಮತ್ತೆ ಕೆದಕುವುದಿಲ್ಲ, ಇಬ್ಬರಿಗೂ ನೆನಪಿದೆ. ನನ್ನ ದನಿ ಜೋರಾಯಿತು. ನಿನ್ನ ಅಪ್ಪ ಅವತ್ತಿನಿಂದ ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ. ಬೇಜಾರಾಗಿದ್ದರೆ ಬಿಟ್ಟುಬಿಡವ್ವಾ. ಆದರೆ ಆಡಿದ ಮಾತನ್ನು ನಾನು ವಾಪಸ್ ತಗೊಳ್ಳುವುದಿಲ್ಲ.

ಆ ಸರ್ಕಾರಿ ನೌಕರಿ ಅರ್ಜಿಗೆ ತಿಂಗಳ ಕೊನೆಯವರೆಗೆ ಸಮಯವಿದೆ. 371(ಜೆ), ಅಂದರೆ ಸಂವಿಧಾನ ನಮ್ಮ ಹೈದರಾಬಾದ್ ಕರ್ನಾಟಕದವರಿಗೆ ಕೊಟ್ಟ ಮೀಸಲಾತಿ, ಬೇಕಾ ಅಂತ ಅದರಲ್ಲಿ ಒಂದು ಕಾಲಂ. ಅಲ್ಲಿ 'ಇಲ್ಲ' ಅಂತ ಹಾಕುತ್ತೇನೆ ಅಂತ ನೀನು ಅಂದೆ. 'ಹಿಂದುಳಿದವಳು ಅಂತ ನನ್ನ ಕೈಯಾರೆ ನಾನೇ ಬರೆದುಕೊಡಬೇಕಾ?' ಅಂದೆ. ಸರ್ಕಾರಿ ನೌಕರಿಯೇ ಬೇಡ ಅಂದಿದ್ದರೆ ಸುಮ್ಮನಾಗುತ್ತಿದ್ದೆ. ನೀನು ಅಂದದ್ದು ಅದಲ್ಲ. ನಿನ್ನ ಪಕ್ಕದ ಸೀಟಿನ ಹುಡುಗಿ 'ಇದು ಕನ್ನಡಾನಾ, ಹೈದರಾಬಾದಿಂದಾ?' ಅಂತ ನಕ್ಕಳಲ್ಲ, ಅವತ್ತಿನಿಂದ ನಿನ್ನ ಮಾತೇ ಬದಲಾಗಿದೆ. ನನ್ನ ಜೊತೆಗೂ ಬೆಂಗಳೂರು ಮಾತು ಆಡುತ್ತೀ. ನನಗೆ ಕಿವಿ ಇದೆ.

ನಿನ್ನ ಅಜ್ಜ, ಮುತ್ಯಾನ ಒಂದು ಕಥೆ ನಿನಗೆ ಹೇಳಿಲ್ಲ. ಅವರು ನಿವೃತ್ತರಾದ ಮೇಲೆ ಪಿಂಚಣಿ ಕಾಗದ ಎಲ್ಲೋ ಸಿಕ್ಕಿಹಾಕಿಕೊಂಡಿತು. ನಾನಾಗ ಬಿಎ ಓದುತ್ತಿದ್ದೆ. ಇಬ್ಬರೂ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋದೆವು. ಮುತ್ಯಾ ಧೋತರ, ಕೋಟು, ತಲೆಗೆ ಟೊಪ್ಪಿಗೆ, ಕೈಯಲ್ಲಿ ಬಟ್ಟೆ ಚೀಲ. ಚೀಲದಲ್ಲಿ ಸರ್ವಿಸ್ ಬುಕ್ಕಿನ ನಕಲು. ಅದರ ಮೊದಲ ಪುಟಗಳೆಲ್ಲ ಉರ್ದು. ಮೇಜಿನ ಹಿಂದೆ ಕೂತವರು ಅದನ್ನು ನೆಟ್ಟಗೆ ಹಿಡಿದು ನೋಡಿದರು, ತಲೆಕೆಳಗು ಮಾಡಿ ನೋಡಿದರು. 'ಏನ್ರೀ ಇದು, ಪಾಕಿಸ್ತಾನದ ಪುಸ್ತಕಾನಾ?' ಅಂದರು.

ಮುತ್ಯಾ ಬಗ್ಗಿ ಓದಿ ಹೇಳಿದರು. 'ಸಾಹೇಬ್ರ, ಇದು ನನ್ನ ನೌಕರಿ ಚಾಲೂ ಆದ ತಾರೀಖು. 1355 ಫಸಲಿ. ಮುಂದಿಂದೆಲ್ಲ ಕನ್ನಡದಾಗ ಅದ.'

'1355ನೇ ಇಸವಿನಾ? ಬಹಮನಿ ಸುಲ್ತಾನರ ಹತ್ತಿರ ಕೆಲಸಕ್ಕಿದ್ರಾ ನೀವು?'

ಕೋಣೆಯೆಲ್ಲ ನಕ್ಕಿತು. ಗುಲ್ಬರ್ಗ ರಾಜಧಾನಿಯಾಗಿದ್ದ ಬಹಮನಿ ರಾಜ್ಯ ಶುರುವಾದದ್ದು 1347ರಲ್ಲಿ, ಹಾಗಾಗಿ ಜೋಕು ಲೆಕ್ಕಕ್ಕೆ ಸರಿಯಾಗಿಯೇ ಇತ್ತು. ಆ ಮನುಷ್ಯ ಇತಿಹಾಸ ಓದಿದವನೇ ಇರಬೇಕು. ಮುತ್ಯಾ ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ. '590 ಕೂಡ್ಸ್ರಿ, 1945 ಬರ್ತದ. ನಿಜಾಮನ ಸರ್ಕಾರದಾಗ ಫಸಲಿನೇ ಬರೀತಿದ್ರು' ಅಂದರು. ಮೂಲೆಯಲ್ಲಿದ್ದ ಇನ್ನೊಬ್ಬರು, 'ನಿಮ್ಮ ಕನ್ನಡಕ್ಕೂ ಏನಾದರೂ ಕೂಡಿಸಬೇಕಾ ಸರ್?' ಅಂದರು. ಮತ್ತೆ ನಗು. ನಾನು ಎರಡು ಹೆಜ್ಜೆ ಸರಿದು ಕಿಟಕಿ ಹತ್ತಿರ ಹೋಗಿ ನಿಂತೆ. ಹೊರಗೆ ಏನು ನೋಡಿದೆ ಅಂತ ನೆನಪಿಲ್ಲ. ಮುತ್ಯಾ ಒಂದು ಸಲ ತಿರುಗಿ ನೋಡಿದ್ದು ನೆನಪಿದೆ. ಅಥವಾ ನೋಡಲಿಲ್ಲವೋ, ನಾನೇ ಹಾಗೆ ಅಂದುಕೊಂಡಿದ್ದೇನೋ. ವಾಪಸ್ ಬರುವಾಗ ರೈಲಿನಲ್ಲಿ ಬುತ್ತಿ ಬಿಚ್ಚಿದರು, 'ಉಣ್ಣು' ಅಂದರು. ಅಷ್ಟೇ ಮಾತು. ಪಿಂಚಣಿ ಆಮೇಲೆ ಬಂತು ಬಿಡು.

ನಿನ್ನ ಆಫೀಸಿನ ಹುಡುಗಿಗೆ, ಆ ಮೇಜಿನವರಿಗೆ ಗೊತ್ತಿಲ್ಲದ್ದು ಏನು ಅಂದರೆ, ಮುತ್ಯಾ ಉರ್ದುವನ್ನು ಆರಿಸಿಕೊಂಡು ಓದಿದವರಲ್ಲ. ಮನೆಯಲ್ಲಿ ಕನ್ನಡ. ಹೈಸ್ಕೂಲು, ಕಚೇರಿ, ಕೋರ್ಟು ಎಲ್ಲ ಉರ್ದು. ಮೈಸೂರಿನ ಮಹಾರಾಜರು 1916ರಲ್ಲಿ ವಿಶ್ವವಿದ್ಯಾಲಯ ಕಟ್ಟಿದರು. ನಮ್ಮನ್ನಾಳುತ್ತಿದ್ದ ನಿಜಾಮನೂ 1918ರಲ್ಲಿ ಉಸ್ಮಾನಿಯಾ ಕಟ್ಟಿದ, ಹೈದರಾಬಾದಿನಲ್ಲಿ, ಉರ್ದು ಮಾಧ್ಯಮದಲ್ಲಿ. ಗುಲ್ಬರ್ಗಕ್ಕೆ ವಿಶ್ವವಿದ್ಯಾಲಯ ಬಂದದ್ದು 1980ರಲ್ಲಿ. ಶಿವನಸಮುದ್ರದಲ್ಲಿ 1902ಕ್ಕೇ ಕರೆಂಟು ಹುಟ್ಟಿತು, 1905ಕ್ಕೆ ಬೆಂಗಳೂರಿನ ಬೀದಿಗೆ ದೀಪ ಬಂತು. ಅಲ್ಲಿಯವರಿಗೆ ತಮ್ಮ ಅರಸರ ಬಗ್ಗೆ, ವಿಶ್ವೇಶ್ವರಯ್ಯನವರ ಬಗ್ಗೆ ಹೆಮ್ಮೆ ಇರುವುದು ಸಹಜ. ಕಟ್ಟಿಕೊಟ್ಟದ್ದು ಕಣ್ಣಿಗೆ ಕಾಣುತ್ತದಲ್ಲ. ನಮ್ಮ ಮುತ್ಯಾ ಯಾವುದನ್ನು ತೋರಿಸಬೇಕಿತ್ತು?

ಟೀಚರ್ ಚಟ, ಶುರುವಾದರೆ ನಿಲ್ಲುವುದಿಲ್ಲ. ಇನ್ನೂ ಸ್ವಲ್ಪ ಕೇಳು.

ದೇಶಕ್ಕೆ 1947ರ ಆಗಸ್ಟ್ 15ರಂದು ಸ್ವಾತಂತ್ರ್ಯ ಬಂದಾಗ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದ ಬೀದರ, ಗುಲ್ಬರ್ಗ, ರಾಯಚೂರು ಹೊರಗೇ ಉಳಿದವು. ನಿಜಾಮನ ಪರ ನಿಂತ ಖಾಸಿಂ ರಜ್ವಿಯ ಖಾಸಗಿ ಪಡೆ, ರಜಾಕಾರರು, ಊರಿಗೆ ಊರೇ ಸುಟ್ಟರು. ಅವರು ಜನರನ್ನು ಕೊಂದ ಬೀದರ ಜಿಲ್ಲೆಯ ಗೋರಟಾ ಹೆಸರು ಹೇಳಿದರೆ ಹಳಬರು ಇವತ್ತಿಗೂ ಸುಮ್ಮನಾಗುತ್ತಾರೆ. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಒಳಗೆ ಬಂತು, 17ಕ್ಕೆ ನಿಜಾಮ ಶರಣಾದ. ಆಮೇಲಿನದನ್ನು ನಮ್ಮ ಭಾಷಣಗಳಲ್ಲಿ ಯಾರೂ ಹೇಳುವುದಿಲ್ಲ. ಅದೇ ವಾರಗಳಲ್ಲಿ ನಮ್ಮ ಜಿಲ್ಲೆಗಳಲ್ಲೇ ಎಷ್ಟೋ ಮುಸ್ಲಿಮರನ್ನು ಕೊಂದರು. ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಬಂದು ನೋಡಿ ವರದಿ ಕೊಟ್ಟಿತು, ಅದನ್ನು ಬಹಳ ಕಾಲ ಹೊರಗೆ ಬಿಡಲಿಲ್ಲ. ಸೆಪ್ಟೆಂಬರ್ 17ರ ಬಾವುಟ ಹಾರಿಸುವಾಗ ಎರಡೂ ನೆನಪಿರಬೇಕು. ಒಂದನ್ನೇ ನೆನಪಿಟ್ಟುಕೊಂಡವರ ಹೆಮ್ಮೆ ನೋಡಿದರೆ ನನಗೆ ಹೆದರಿಕೆ.

1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಆಗ ಮುತ್ಯಾ ಕಚೇರಿ ಕನ್ನಡ ಕಲಿಯಲು ಕೂತರು. ಹಗಲು ಮಕ್ಕಳಿಗೆ ಪಾಠ, ರಾತ್ರಿ ಕಂದೀಲಿನ ಮುಂದೆ ಸುತ್ತೋಲೆ ನಕಲು ಮಾಡುವುದು. ಹಾಗೆ ಕಲಿತವರನ್ನು ಆ ಮೇಜಿನ ಮುಂದೆ... ನೋಡು, ಮತ್ತೆ ಅಲ್ಲಿಗೇ ಬಂದೆ.

371(ಜೆ) ಯಾರೋ ಕರುಣೆಯಿಂದ ಕೊಟ್ಟದ್ದಲ್ಲ. ಅದೇ ನಿಜಾಮನ ಸಂಸ್ಥಾನದಲ್ಲಿದ್ದ ತೆಲಂಗಾಣ ಸೇರಿ ಇಡೀ ಆಂಧ್ರಪ್ರದೇಶಕ್ಕೆ 1973ರ ತಿದ್ದುಪಡಿಯಲ್ಲೇ 371(ಡಿ) ಸಿಕ್ಕಿತು. ನಮ್ಮದು ಬಂದದ್ದು 2012ರಲ್ಲಿ. ವೈಜನಾಥ ಪಾಟೀಲರಂಥವರು ಅದಕ್ಕಾಗಿ ವರ್ಷಗಟ್ಟಲೆ ಬೀದಿಗಿಳಿದರು. ನಡುವೆ 2002ರಲ್ಲಿ ನಂಜುಂಡಪ್ಪ ಸಮಿತಿ ಅತಿ ಹಿಂದುಳಿದ 39 ತಾಲೂಕು ಗುರುತಿಸಿತು, 21 ನಮ್ಮ ಗುಲ್ಬರ್ಗ ವಿಭಾಗದವೇ. ಹಿಂದುಳಿದದ್ದು ತಾಲೂಕು, ನೀನಲ್ಲ. ಹಾಗಂತ ಎಲ್ಲ ಸರಿಹೋಯಿತು ಅಂತಲ್ಲ. ಬಂದ ದುಡ್ಡಿನಲ್ಲಿ ಎಷ್ಟು ಸಿಮೆಂಟ್ ರಸ್ತೆಗೆ, ಎಷ್ಟು ಸಮುದಾಯ ಭವನಕ್ಕೆ ಹೋಯಿತು ಅಂತ ನಮ್ಮೂರಲ್ಲೇ ಕಾಣುತ್ತದೆ. 2019ರಲ್ಲಿ ಹೈದರಾಬಾದ್ ಕರ್ನಾಟಕದ ಹೆಸರು ಕಲ್ಯಾಣ ಕರ್ನಾಟಕ ಅಂತ ಆಯಿತು. ಬಸವಣ್ಣನವರ ಕಲ್ಯಾಣ, ಹೆಸರು ಚೆಂದವೇ. ಶಾಲೆಗೆ ಮೇಷ್ಟ್ರು ಬಂದರೆ ಇನ್ನೂ ಚೆಂದ. ಕೆಲವರು ಇದಕ್ಕೇ ಪ್ರತ್ಯೇಕ ರಾಜ್ಯ ಬೇಕು ಅಂತಾರೆ. ನಾನು ಒಪ್ಪುವುದಿಲ್ಲ. ಕಂದೀಲಿನ ಮುಂದೆ ಅಷ್ಟು ಕಷ್ಟಪಟ್ಟು ಸೇರಿಕೊಂಡ ರಾಜ್ಯ ಇದು.

ಇನ್ನೊಂದು. ಕಾವೇರಿಯಿಂದ ಗೋದಾವರಿವರೆಗೆ ಕನ್ನಡ ನಾಡು ಅಂತ ನವೆಂಬರ್ ಬಂದರೆ ಎಲ್ಲರೂ ಹೇಳುತ್ತಾರಲ್ಲ, ಆ ಮಾತು ಇರುವುದು ಕವಿರಾಜಮಾರ್ಗದಲ್ಲಿ. 9ನೇ ಶತಮಾನದ್ದು, ನೃಪತುಂಗನ ಆಸ್ಥಾನದ ಶ್ರೀವಿಜಯ ಬರೆದದ್ದು. ಆ ನೃಪತುಂಗನ ರಾಜಧಾನಿ ಮಾನ್ಯಖೇಟ, ನಮ್ಮ ಸೇಡಂ ತಾಲೂಕಿನ ಮಳಖೇಡ. ಅಶೋಕನ ಹೆಸರೇ ಇರುವ ಶಾಸನ 1915ರಲ್ಲಿ ಸಿಕ್ಕಿದ್ದು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಇಡೀ ರಾಜ್ಯ ಎದೆಯುಬ್ಬಿಸಿ ಹೇಳುವ ಮಾತು ನಮ್ಮ ಕಾಗಿಣಾ ಹೊಳೆ ದಂಡೆಯಿಂದ ಹೋದದ್ದು, ನಮ್ಮ ಹುಡುಗಿಯನ್ನು ಮಾತ್ರ 'ಇದು ಕನ್ನಡಾನಾ' ಅಂತ ಕೇಳುತ್ತಾರೆ! ಆದರೆ ಇದನ್ನು ಹಿಡಿದು ಅವಳ ಜೊತೆ ವಾದಕ್ಕೆ ಇಳಿಯಬೇಡ. ರಾಷ್ಟ್ರಕೂಟರು ನಮ್ಮವರು ಅಂತ ಫಾರ್ವರ್ಡ್ ಮಾಡುವ ನಮ್ಮೂರ ಗಂಡಸರಲ್ಲಿ ಮಳಖೇಡದ ಕೋಟೆ ಹತ್ತಿದವರು ಎಷ್ಟು ಜನ?

ನನ್ನ ಹೆದರಿಕೆ ನೌಕರಿಯದ್ದಲ್ಲವ್ವಾ. ನೀನು ದುಡಿದು ಉಣ್ಣುತ್ತೀ, ಈ ಮನೆಯಲ್ಲಿ ನಿನ್ನಷ್ಟು ಓದಿದವರು ಯಾರೂ ಇಲ್ಲ, ಬಂದವರಿಗೆಲ್ಲ ಹೇಳಿಕೊಂಡು ತಿರುಗುತ್ತೇನೆ. ನೀನು ಕಿಟಕಿ ಹತ್ತಿರ ಹೋಗಿ ನಿಲ್ಲುತ್ತಿದ್ದೀಯಾ ಅನ್ನುವುದೇ ಹೆದರಿಕೆ. ಅಲ್ಲಿಂದ ವಾಪಸ್ ಬರುವುದು ಬಹಳ ಕಷ್ಟ. ನಾನು ಮೇಜಿನ ಹತ್ತಿರ ವಾಪಸ್ ಹೋಗುವಷ್ಟರಲ್ಲಿ ಮುತ್ಯಾ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡಾಗಿತ್ತು.

ಬೇರೆ ಕಾರಣಕ್ಕೆ ಬೇಡ ಅನ್ನು, ಒಪ್ಪುತ್ತೇನೆ. ಸಿಟ್ಟಾಗುವುದಿಲ್ಲ ಅಂತ ಬರೆಯಬೇಕೆಂದಿದ್ದೆ. ಆಗುತ್ತೇನೆ, ಆದರೆ ನಾಲ್ಕು ದಿನಕ್ಕೆ ಇಳಿಯುತ್ತದೆ. ಪ್ರಮಾಣಪತ್ರ ಕೊಡುವುದು ಸಹಾಯಕ ಆಯುಕ್ತರ ಕಚೇರಿಯಲ್ಲಿ. ನಿನ್ನ ಶಾಲೆಯ ಕಾಗದಗಳೆಲ್ಲ ನನ್ನ ಟ್ರಂಕಿನಲ್ಲೇ ಇವೆ. ಹೂಂ ಅಂದರೆ ಸೋಮವಾರ ನಾನೇ ಹೋಗಿ ಸರದಿಯಲ್ಲಿ ನಿಲ್ಲುತ್ತೇನೆ. ರಾತ್ರಿ ಪಾಳಿ ಇದ್ದಾಗ ಸುಮ್ನೆ ಚಹಾ ಕುಡಿದು ಮಲಗಬೇಡ, ಏನಾದರೂ ಉಣ್ಣು.

ದೀಪಾವಳಿಗೆ ಬರುವಾಗ ಆ ಹುಡುಗಿಯನ್ನೂ ಕರೆದುಕೊಂಡು ಬಾ. ಸೇಡಂ ಬಸ್ ಹತ್ತಿ ಮಳಖೇಡಕ್ಕೆ ಹೋಗಿಬರೋಣ. ಕುಸಿದ ಗೋಡೆ, ಮುಳ್ಳುಕಂಟಿ, ಆಚೆಗೆ ಸಿಮೆಂಟ್ ಕಾರ್ಖಾನೆ, ಇಷ್ಟೇ ಕಾಣುವುದು ಅಂತ ಮೊದಲೇ ಹೇಳಿಬಿಡು. ಮನೆಯಲ್ಲಿ ಊಟಕ್ಕೆ ಕಡಕ್ ರೊಟ್ಟಿ, ಎಣ್ಣೆಗಾಯಿ ಮಾಡುತ್ತೇನೆ. ಅವಳು ಖಾರ ತಿನ್ನುತ್ತಾಳಾ ಅಂತ ಕೇಳಿ ಹೇಳು.

ನಿನ್ನ
ಅವ್ವ