ಹದಿನೈದು ಕನ್ನಡ ಮನೆಗಳ ಊರಿನಲ್ಲಿ ಕೂಟ

ಷಿಕಾಗೋದಲ್ಲಿ ಯುಗಾದಿಗೆ ಸಭಾಂಗಣ ತುಂಬಿಸುವುದು ಕಷ್ಟವೇನಲ್ಲ. ಅಮೆರಿಕದ ಪಿಯೋರಿಯಾ, ರಾಚೆಸ್ಟರ್, ಬೆಂಟನ್‌ವಿಲ್‌ನಂಥ ಸಣ್ಣ ಊರುಗಳ ಲೆಕ್ಕವೇ ಬೇರೆ. ಅಲ್ಲಿಗೆ ನಮ್ಮವರು ಬರುವುದು ಯಾವುದೋ ಕಂಪನಿಯನ್ನೋ ಆಸ್ಪತ್ರೆಯನ್ನೋ ನೆಚ್ಚಿಕೊಂಡು. ಪ್ರಾಜೆಕ್ಟ್ ಮುಗಿದರೆ ಗಂಟುಮೂಟೆ ಕಟ್ಟುತ್ತಾರೆ. ಇಂಥ ಕಡೆ ದೊಡ್ಡ ಊರುಗಳ ಕನ್ನಡ ಕೂಟಗಳ ಹಾಗೆ ವೇದಿಕೆ, ಮೈಕು, ಮುಖ್ಯ ಅತಿಥಿ ಎಂದು ಹೊರಟರೆ ಎರಡು ಮನೆಯವರ ಬೆನ್ನು ಮುರಿಯುತ್ತದೆ, ಮರುವರ್ಷ ಯಾರೂ ಮುಂದೆ ಬರುವುದಿಲ್ಲ. ತಿಂಗಳಿಗೊಂದು ಊಟ ಸಾಕು.

ದಿನ ಯಾವುದೆಂದು ವಾಟ್ಸಾಪ್‌ನಲ್ಲಿ ಕೇಳಲೇಬೇಡಿ. ಎಲ್ಲರಿಗೂ ಒಗ್ಗುವ ದಿನ ಸಿಗುವಷ್ಟರಲ್ಲಿ ತಿಂಗಳೇ ಮುಗಿದಿರುತ್ತದೆ. ಎರಡನೇ ಶನಿವಾರ ಸಂಜೆ ನಾಲ್ಕಕ್ಕೆ ಎಂದು ಗೊತ್ತುಮಾಡಿ. ಆರೇ ಜನ ಬಂದರೂ ನಡೆಸಿ.

ಜಾಗಕ್ಕೆ ಮೊದಲು ಸಾರ್ವಜನಿಕ ಗ್ರಂಥಾಲಯದ ಕೋಣೆ ವಿಚಾರಿಸಿ. ಹಲವು ಕಡೆ ಬಾಡಿಗೆ ಇರುವುದಿಲ್ಲ, ಆದರೆ ಪ್ರವೇಶಧನ ಪಡೆಯುವಂತಿಲ್ಲ, ಊಟಕ್ಕೂ ನಿಯಮಗಳಿರುತ್ತವೆ. ಶಾಲೆ, ಚರ್ಚುಗಳ ಹಾಲ್‌ಗೆ ಹೋದರೆ ವಿಮೆಯ ಪತ್ರ ಕೇಳಬಹುದು. ಮುಂಗಡ ಕೊಡುವ ಮೊದಲೇ ಅದನ್ನು ಕೇಳಿ ತಿಳಿದುಕೊಳ್ಳಿ.

ಊಟದ್ದೇ ದೊಡ್ಡ ಕೆಲಸ. 'ಏನಾದರೂ ತನ್ನಿ' ಎಂದರೆ ಐದು ಪಾತ್ರೆ ಚಿತ್ರಾನ್ನ ಬರುತ್ತದೆ, ಪಲ್ಯ ಒಂದೂ ಇರುವುದಿಲ್ಲ. ಇಂಥವರು ಇಂಥದ್ದು ಎಂದು ಹೆಸರು ಹಿಡಿದೇ ಹಂಚಿ. ಪಕ್ಕದಲ್ಲಿ ಮೊಸರನ್ನ, ಕೋಸಂಬರಿ ಇದ್ದರೆ ನಲವತ್ತು ಜನರ ಬಿಸಿಬೇಳೆಬಾತಿಗೆ 2 ಕಿಲೋ ಅಕ್ಕಿ, 1 ಕಿಲೋ ತೊಗರಿಬೇಳೆ ಸಾಕು. ಮಾಡಿಟ್ಟ ಬಾತು ನೀರು ಹೀರಿ ಗಟ್ಟಿಯಾಗುತ್ತದೆ. ಫ್ಲಾಸ್ಕಿನಲ್ಲಿ ಕುದಿನೀರು ಒಯ್ಯಿರಿ, ಬಡಿಸುವ ಮುನ್ನ ಸಡಿಲ ಮಾಡಿ. ಮೊಸರನ್ನಕ್ಕೆ ಹಾಲು ಹೆಚ್ಚು, ಮೊಸರು ಕಡಿಮೆ, ಇಲ್ಲವಾದರೆ ಸಂಜೆಗೆ ಹುಳಿ. ಎರಡು ಎಲೆಕ್ಟ್ರಿಕ್ ಕುಕ್ಕರ್‌ಗಳನ್ನು ಒಂದೇ ಎಕ್ಸ್‌ಟೆನ್ಶನ್‌ಗೆ ಚುಚ್ಚಬೇಡಿ. ಅಮೆರಿಕದ 120 ವೋಲ್ಟ್, 15 ಆಂಪಿಯರ್ ಲೈನು ಹೊರುವುದು 1800 ವಾಟ್ ಮಾತ್ರ. ಕುಕ್ಕರ್ ಒಂದೊಂದೂ ಸಾವಿರ ವಾಟ್ ಎಳೆದರೆ ಬ್ರೇಕರ್ ಬೀಳಬಹುದು, ಅದರ ಪೆಟ್ಟಿಗೆಯ ಬೀಗದ ಕೈ ಶನಿವಾರ ಯಾರ ಬಳಿಯೂ ಇರುವುದಿಲ್ಲ!

ಹೊಸಬರನ್ನು 'ಆರಾಮಾಗಿ ಕೂತ್ಕೊಳ್ಳಿ' ಎಂದು ಮೂಲೆಗೆ ಕೂರಿಸುವುದು ನಮ್ಮ ಉಪಚಾರದ ದೋಷ. ಕೈಗೆ ಸೌಟು ಕೊಡಿ. ಬಡಿಸುವವರು ಎಲ್ಲರನ್ನೂ ಮಾತಾಡಿಸಲೇಬೇಕಾಗುತ್ತದೆ.

ಊರಿನಿಂದ ಬಂದಿರುವ ಅಪ್ಪ-ಅಮ್ಮಂದಿರು ವಾರವಿಡೀ ಕಾರಿಲ್ಲದೆ ಮನೆಯಲ್ಲೇ ಇರುತ್ತಾರೆ. ಮಕ್ಕಳಿಗೆ ಬಿಡುವಿಲ್ಲದಿದ್ದರೂ ಅವರನ್ನು ಕರೆತರಲು ಒಬ್ಬರನ್ನು ಗೊತ್ತುಮಾಡಿ. ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಸರಿಯುತ್ತದೆ, ಐದರ ಹೊತ್ತಿಗೆಲ್ಲ ಕತ್ತಲಾಗತೊಡಗುತ್ತದೆ. ರಾಜ್ಯೋತ್ಸವದ ಕೂಟವನ್ನು ಮಾತ್ರ ಮಧ್ಯಾಹ್ನ ಹನ್ನೆರಡಕ್ಕೆ ಇಟ್ಟುಕೊಳ್ಳಿ.